ಬರೆದಿದ್ದಾಯಿತು, ಬಿಲ್ ಕಳಿಸಿದಿರಾ?

ಕನ್ನಡದಲ್ಲಿ ಬರೆದು, ಮಾತನಾಡಿ, ವಿಡಿಯೊ ಮಾಡಿ ಹೊಟ್ಟೆ ಹೊರೆಯುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಧಾರಾವಾಹಿಗಳಿಗೆ ಸಬ್‌ಟೈಟಲ್ ಹಾಕುವವರು, ಬ್ಯಾಂಕಿನ ಆ್ಯಪ್‌ ಅನ್ನು ಕನ್ನಡಕ್ಕೆ ತರುವವರು, ಆಡಿಯೊ ಪುಸ್ತಕಕ್ಕೆ ದನಿ ಕೊಡುವವರು, ಜಾಹೀರಾತಿಗೆ ಒಂದು ಸಾಲು ಹೊಸೆಯುವವರು, ಅಡುಗೆಮನೆಯ ಕಿಟಕಿಗೆ ಮೊಬೈಲ್ ಒರಗಿಸಿ ಜೋಳದ ರೊಟ್ಟಿ ಬಡಿಯುವುದನ್ನು ಯೂಟ್ಯೂಬಿಗೆ ಹಾಕುವವರು. ಇವರಿಗೆ ಸಂಬಳವಿಲ್ಲ, ಪಿಎಫ್ ಇಲ್ಲ, ರಜೆ ಹಾಕಿದರೆ ಆ ದಿನದ ದುಡಿಮೆಯೂ ಇಲ್ಲ. ಅನುವಾದ, ಸ್ಕ್ರಿಪ್ಟು, ಆಗೊಮ್ಮೆ ಈಗೊಮ್ಮೆ ವಾಯ್ಸ್ ಓವರ್ ಎಂದು ನಡೆಯುತ್ತಿರುವ ನನ್ನ ಬದುಕೂ ಇದೇ ಸಾಲಿನದು.

ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗ ಹುಡುಗಿಯರು ಸಿಕ್ಕಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. 'ಅಕ್ಕಾ, ದಿನಕ್ಕೆ ಎಷ್ಟು ಬರೀಬೇಕು? ದಿನಾ ಒಂದು ರೀಲ್ ಹಾಕಲೇಬೇಕಾ? ನೀವು ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ?' ಕೇಳುವವರಲ್ಲಿ ಸೋಮಾರಿಗಳು ಒಬ್ಬರೂ ಇರುವುದಿಲ್ಲ. ರಾತ್ರಿ ಒಂದು ಗಂಟೆಯವರೆಗೂ ಎಡಿಟಿಂಗ್ ಮಾಡಿ, ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ಕಂಪ್ಯೂಟರ್ ಮುಂದೆ ಕೂರುವವರು ಅವರು. ಮಾತು ಸ್ವಲ್ಪ ಮುಂದೆ ಹೋದ ಮೇಲೆ ನಿಜವಾದ ಸಂಗತಿ ಹೊರಗೆ ಬರುತ್ತದೆ. 'ಒಂದು ಕಂಪನಿಗೆ ಸ್ಕ್ರಿಪ್ಟ್ ಬರೆದುಕೊಟ್ಟು ನಾಲ್ಕು ತಿಂಗಳಾಯ್ತು ಅಕ್ಕಾ, ದುಡ್ಡು ಬಂದಿಲ್ಲ. ಕೇಳೋಕೆ ಒಂಥರಾ ಆಗತ್ತೆ.'

ಆದಾಯ ಸೋರುವ ಜಾಗ ಅದು. ದಿನವೂ ಕೂತು ಬರೆಯುವ, ಹಾಡುವ, ಚಿತ್ರೀಕರಿಸುವ ಶಿಸ್ತಿನ ಬಗ್ಗೆ ಬೇಕಾದಷ್ಟು ಉಪದೇಶ ಸಿಗುತ್ತದೆ, ಆ ಶಿಸ್ತು ಬೇಕು ಕೂಡ. ಆದರೆ ಗಳಿಕೆಯನ್ನು ವರ್ಷದಿಂದ ವರ್ಷಕ್ಕೆ ಮೇಲೆತ್ತುವುದು ಇನ್ನೊಂದು ಅಭ್ಯಾಸ. ದಿನವೂ ಅರ್ಧ ಗಂಟೆ ದುಡ್ಡಿನ ಕೆಲಸಕ್ಕೆ ಕೂರುವುದು. ಬಿಲ್ ಕಳಿಸುವುದು, ಬಾಕಿ ಕೇಳುವುದು, ಹೊಸ ಕೆಲಸ ಕೇಳುವುದು, ಲೆಕ್ಕ ಬರೆಯುವುದು. ಕಲೆಯ ಮಾತಾಡುವಾಗ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮ ದಾಕ್ಷಿಣ್ಯ ಬಾಯಿ ಕಟ್ಟುತ್ತದೆ.

ದಿನಚರಿಯ ವಿಷಯ ಬಂದಾಗಲೆಲ್ಲ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್ ಹೆಸರು ಬರುತ್ತದೆ. 1815ರಲ್ಲಿ ಹುಟ್ಟಿದ ಈತ ಅಂಚೆ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿಯುತ್ತಲೇ ಕಾದಂಬರಿ ಬರೆದವನು. ಒಟ್ಟು 47 ಕಾದಂಬರಿಗಳು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರಬೇಕು, ಅದಕ್ಕಾಗಿ ತನ್ನನ್ನು ಎಬ್ಬಿಸಿ ಕಾಫಿ ತಂದುಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುವುದು. ಮೂರು ಗಂಟೆ ಮುಗಿದರೆ ಅಂದಿನ ಬರವಣಿಗೆ ಮುಗಿಯಿತು. ಕೆಲಸದ ಮೇಲೆ ಊರೂರು ತಿರುಗಬೇಕಾಗಿದ್ದ ಕಾಲದಲ್ಲಿ ರೈಲಿನಲ್ಲೇ ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆದ, ಹೆಂಡತಿ ಅದನ್ನು ಪ್ರತಿ ಮಾಡಿಕೊಟ್ಟಳು.

ಐದೂವರೆಯ ಕಾಫಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವನ ಲೆಕ್ಕದ ಪುಸ್ತಕದ ಕಥೆ ಹೇಳುವವರು ಕಡಿಮೆ. ಒಂದು ಕಾದಂಬರಿ ಶುರುಮಾಡಿದ ದಿನವೇ ಅವನೊಂದು ದಿನಚರಿ ಪುಸ್ತಕದಲ್ಲಿ ವಾರಗಳ ಮನೆ ಹಾಕಿ, ದಿನಕ್ಕೆ ಎಷ್ಟು ಪುಟವಾಯಿತು ಎಂದು ಬರೆದಿಡುತ್ತಿದ್ದ. ಪುಟ ಎಂದರೆ ಅವರವರ ಅಳತೆ ಆಗಬಾರದೆಂದು ಪುಟಕ್ಕೆ 250 ಪದ ಎಂದು ಗೊತ್ತುಮಾಡಿಕೊಂಡಿದ್ದ. ವಾರಕ್ಕೆ ಸರಾಸರಿ 40 ಪುಟ, ತೀರ ಕಡಿಮೆ ಎಂದರೆ 20, ಒಂದು ಸಲ 112. ಕೆಲಸದ ಲೆಕ್ಕದಷ್ಟೇ ನಿಷ್ಠೆಯಿಂದ ಹಣದ ಲೆಕ್ಕವನ್ನೂ ಇಟ್ಟ. 1847ರಲ್ಲಿ ಬಂದ ಮೊದಲ ಕಾದಂಬರಿಯಿಂದ ಬಿಡಿಗಾಸು ಹುಟ್ಟಲಿಲ್ಲ. ಬರವಣಿಗೆಯಿಂದ ತಾನು ದುಡಿದ ಮೊದಲ ಹಣ ಎಂದು ಅವನು ಎಣಿಸಿದ್ದು 1855ರ ಕೊನೆಯಲ್ಲಿ ಬಂದ 9 ಪೌಂಡ್ 8 ಶಿಲಿಂಗ್ 8 ಪೆನ್ಸ್. ಲಾಭದಲ್ಲಿ ಅರ್ಧ ಕೊಡುತ್ತೇವೆ ಎಂಬ ಪ್ರಕಾಶಕರ ಮಾತಿನಿಂದ ಕೈಗೆ ಬರುವುದು ಎಷ್ಟು ಎನ್ನುವುದು ಅವನಿಗೆ ಲೆಕ್ಕದಿಂದಲೇ ಮನವರಿಕೆಯಾಯಿತು. ಮುಂದಿನ ಪುಸ್ತಕಕ್ಕೆ 100 ಪೌಂಡ್ ಮುಂಗಡ ಕೇಳಿ ಪಡೆದ. ಅದರ ಮುಂದಿನದನ್ನು ಹೆಚ್ಚು ಕೊಡುವ ಇನ್ನೊಬ್ಬ ಪ್ರಕಾಶಕನಿಗೆ 250 ಪೌಂಡಿಗೆ ಮಾರಿದ. 1860ರಲ್ಲಿ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗೆ 1,000 ಪೌಂಡ್ ಸಿಕ್ಕಿತು. ಗಂಟೆಗೆ ಬರೆಯುವ ಪದಗಳ ಸಂಖ್ಯೆಯೇನೂ ನೂರು ಪಟ್ಟು ಏರಿರಲಿಲ್ಲ. ಏರಿದ್ದು ಹೆಸರು, ಅದರ ಜೊತೆಗೆ ಬಾಯಿಬಿಟ್ಟು ಕೇಳುವ ಧೈರ್ಯ.

ತೀರಿಕೊಂಡ ಮರುವರ್ಷ, 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನು ಪುಸ್ತಕಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ, ಒಂದೊಂದರ ಮುಂದೆಯೂ ಬಂದ ಹಣ. ಒಟ್ಟು 68,939 ಪೌಂಡ್ 17 ಶಿಲಿಂಗ್ 5 ಪೆನ್ಸ್. ಕಲಾವಿದನೊಬ್ಬ ಇಷ್ಟು ಬಿಚ್ಚಿ ಲೆಕ್ಕ ಒಪ್ಪಿಸಿದ್ದು ಅನೇಕರಿಗೆ ಹಿಡಿಸಲಿಲ್ಲ, ಅವನ ಕೀರ್ತಿಗೆ ಅದರಿಂದ ಸ್ವಲ್ಪ ಕಾಲ ಮಂಕು ಕವಿಯಿತು. ನನಗೆ ಮಾತ್ರ ಆ ಪಟ್ಟಿ ಇಡೀ ಪುಸ್ತಕದಲ್ಲೇ ಹೆಚ್ಚು ಮನಮುಟ್ಟುವ ಪುಟ.

ನಮ್ಮ ಹಿರಿಯರೂ ಮಾರಲು ನಾಚಿಕೊಂಡವರಲ್ಲ. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ತಮ್ಮ ಕಾದಂಬರಿಗಳನ್ನು ತಾವೇ ಮಾರಿದರು. ಜಿ.ಪಿ. ರಾಜರತ್ನಂ ಚೀಲ ಹೊತ್ತು ಪುಸ್ತಕ ಮಾರಿದ್ದನ್ನು ಕಂಡವರು ಬಹಳ ಜನ. ಲೇಖನಿಯನ್ನೇ ನೆಚ್ಚಿ ಬದುಕಿದ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಓದುಗರನ್ನು ಹುಡುಕಿಕೊಂಡು ಹೋಗುವುದು ಬರವಣಿಗೆಯದೇ ಒಂದು ಭಾಗ ಎಂದು ಅವರೆಲ್ಲ ತಿಳಿದಿದ್ದರು. ಅವರ ಬಗ್ಗೆ ಅಭಿಮಾನದ ಮಾತಾಡುವ ನಾವು ಆ ಭಾಗವನ್ನು ಮಾತ್ರ ಕೈಬಿಟ್ಟಿದ್ದೇವೆ.

ಈಗ ಆ ಅರ್ಧ ಗಂಟೆಯ ವಿಷಯ. ನಾನು ಅದಕ್ಕೆ ಇಟ್ಟುಕೊಂಡಿರುವುದು ಬೆಳಿಗ್ಗೆ ಹನ್ನೊಂದರ ಹೊತ್ತು. ಅಷ್ಟು ಹೊತ್ತಿಗೆ ದಿನದ ಮೊದಲ ಸುತ್ತಿನ ಬರವಣಿಗೆ ಮುಗಿದಿರುತ್ತದೆ. ಆಫೀಸುಗಳಲ್ಲಿ ಅಕೌಂಟ್ಸ್ ನೋಡುವವರು ಬಂದು ಕೂತು, ಟೀ ಕುಡಿದು, ಮೇಲ್ ತೆರೆದಿರುತ್ತಾರೆ. ಸಂಜೆ ಕಳಿಸಿದ ಮೇಲ್ ಮರುದಿನದ ರಾಶಿಯಡಿ ಹೋಗುತ್ತದೆ. ಹನ್ನೊಂದಕ್ಕೆ ಕಳಿಸಿದ್ದಕ್ಕೆ ಮಧ್ಯಾಹ್ನ ಊಟದೊಳಗೆ ಉತ್ತರ ಬರುವುದುಂಟು.

ಮೇಜಿನ ಮೇಲೆ ಒಂದು ಉದ್ದನೆಯ ಗೆರೆ ಪುಸ್ತಕ. ಎಕ್ಸೆಲ್ ಬಲ್ಲವರು ಅದರಲ್ಲೇ ಮಾಡಬಹುದು. ನನಗೆ ಕೈಯಲ್ಲಿ ಬರೆದರೆ ಕಣ್ಣಿಗೆ ಬೀಳುತ್ತದೆ. ಕಾಲಂಗಳು ಇಷ್ಟು: ಯಾರಿಗೆ, ಯಾವ ಕೆಲಸ, ಒಪ್ಪಿದ ದರ, ಕೆಲಸ ಕೊಟ್ಟ ದಿನ, ಬಿಲ್ ಕಳಿಸಿದ ದಿನ, ಹಣ ಬರಬೇಕಾದ ದಿನ, ಬಂದ ದಿನ, ಹಿಡಿದುಕೊಂಡ ಟಿಡಿಎಸ್, ಕೊನೆಯಲ್ಲಿ ಆ ಕೆಲಸಕ್ಕೆ ಹಿಡಿದ ಗಂಟೆಗಳು. ಕೆಲಸ ಕೊಟ್ಟ ದಿನಕ್ಕೂ ಬಿಲ್ ಕಳಿಸಿದ ದಿನಕ್ಕೂ ನಡುವಿನ ಅಂತರವನ್ನು ಮೊದಲು ನೋಡಬೇಕು. ಹತ್ತು ಹದಿನೈದು ದಿನ ಅಂತರವಿದ್ದರೆ ಆ ತಡಕ್ಕೆ ಕಂಪನಿ ಕಾರಣವಲ್ಲ. ಎಷ್ಟೋ ಕಂಪನಿಗಳಲ್ಲಿ ತಿಂಗಳ ಇಂತಿಷ್ಟನೇ ತಾರೀಕಿನೊಳಗೆ ಬಂದ ಬಿಲ್ ಮಾತ್ರ ಆ ಸುತ್ತಿನ ಪಾವತಿಗೆ ಸೇರುತ್ತದೆ, ಒಂದು ದಿನ ತಡವಾದರೆ ಪೂರ್ತಿ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಆ ತಾರೀಕು ಯಾವುದು ಎಂದು ಕೆಲಸ ಒಪ್ಪುವಾಗಲೇ ಕೇಳಿ, ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಬರೆದುಕೊಳ್ಳಬೇಕು.

ಬಾಕಿ ಕೇಳುವುದು ಎಲ್ಲರಿಗೂ ಕಷ್ಟ. ಮಾತು ಪ್ರತಿ ಸಲ ಹೊಸದಾಗಿ ಹುಡುಕಬೇಕಾಗಿ ಬಂದರೆ ಇನ್ನೂ ಕಷ್ಟ. ಹಾಗಾಗಿ ಒಂದೇ ಮಾದರಿ ಸಿದ್ಧವಿರಬೇಕು. ನನ್ನದು ಹೀಗಿದೆ: 'ನಮಸ್ಕಾರ ಮೇಡಂ. ಮೇ 6ರಂದು ಕಳಿಸಿದ ಬಿಲ್ ನಂ. 14, ₹18,000, ಜೂನ್ 5ರೊಳಗೆ ಪಾವತಿಯಾಗಬೇಕಿತ್ತು. ಯಾವ ದಿನ ಜಮಾ ಆಗುತ್ತದೆ ಎಂದು ದಯವಿಟ್ಟು ತಿಳಿಸಿ. ಅನುಕೂಲಕ್ಕೆ ಬಿಲ್ಲನ್ನು ಮತ್ತೆ ಲಗತ್ತಿಸಿದ್ದೇನೆ.' ಇದರಲ್ಲಿ 'ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ' ಇಲ್ಲ. ಮಗುವಿನ ಶಾಲೆ ಫೀಸು, ಮನೆ ಬಾಡಿಗೆಯ ಕಥೆ ಇಲ್ಲ. ಬೇಸರದ ಮಾತೂ ಇಲ್ಲ. ಹಣ ಯಾವಾಗ ಬರುತ್ತದೆ ಎಂದು ಕೇಳಿದರೆ 'ಬೇಗ' ಎಂಬ ಉತ್ತರ ಬರುತ್ತದೆ, ಯಾವ ದಿನ ಎಂದು ಕೇಳಿದರೆ ತಾರೀಕು ಬರುತ್ತದೆ. ಆ ತಾರೀಕನ್ನು ಪುಸ್ತಕದಲ್ಲಿ ಬರೆದು, ಆ ದಿನ ಮತ್ತೆ ನೋಡುವುದು. ಕೆಲಸ ಒಪ್ಪಿಸಿದ ಸಂಪಾದಕರಿಗೋ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೋ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಅವರ ಕೈಯಲ್ಲಿ ಚೆಕ್ಕಿಲ್ಲ, ಸುಮ್ಮನೆ ಸಂಬಂಧ ಹುಳಿಯಾಗುತ್ತದೆ. ಅಕೌಂಟ್ಸ್‌ನಲ್ಲಿ ಯಾರು ನೋಡುತ್ತಾರೆ ಎಂದು ಮೊದಲೇ ತಿಳಿದುಕೊಂಡು ಅವರಿಗೇ ಬರೆಯಬೇಕು.

ಕಾನೂನು ನಮ್ಮ ಪರವಾಗಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬರೇ ಕೂತು ಅನುವಾದ ಮಾಡುವವರೂ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಸೂಕ್ಷ್ಮ ಉದ್ಯಮವೆಂದು ನೋಂದಾಯಿಸಿಕೊಳ್ಳಬಹುದು. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಇಂಥ ಉದ್ಯಮದಿಂದ ಕೆಲಸ ಪಡೆದವರು, ಬರಹದಲ್ಲಿ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ದೂರು ಕೊಡಲು ಸರ್ಕಾರದ ಪೋರ್ಟಲಿದೆ. ಇದಕ್ಕಿಂತ ಹರಿತವಾದ ಇನ್ನೊಂದು ನಿಯಮ 2023–24ರ ಲೆಕ್ಕವರ್ಷದಿಂದ ಆದಾಯ ತೆರಿಗೆಯಲ್ಲಿ ಬಂದಿದೆ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಹಣ ಕೊಡದೆ ಉಳಿಸಿಕೊಂಡರೆ, ನಿಜವಾಗಿ ಪಾವತಿಸುವವರೆಗೆ ಆ ಖರ್ಚನ್ನು ಕಂಪನಿ ತನ್ನ ಲೆಕ್ಕದಲ್ಲಿ ತೋರಿಸಿ ತೆರಿಗೆ ಉಳಿಸುವಂತಿಲ್ಲ. ಮಾರ್ಚ್ ಹತ್ತಿರ ಬಂದಾಗ ಈ ನಿಯಮದ ಬಿಸಿ ಅವರಿಗೆ ಚೆನ್ನಾಗಿ ತಟ್ಟುತ್ತದೆ. ನೋಂದಣಿಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿದರೆ ಜಗಳವಾಡುವ ಸಂದರ್ಭವೇ ಅಪರೂಪ. ನನ್ನನ್ನು ವರ್ಷಗಟ್ಟಲೆ ಸತಾಯಿಸುತ್ತಿದ್ದ ಒಂದು ಸಂಸ್ಥೆ ಆ ಒಂದು ಸಾಲು ಸೇರಿದ ಮೇಲೆ ನೆಟ್ಟಗಾಯಿತು.

ಟಿಡಿಎಸ್ ಕಾಲಂ ಏಕೆಂದರೆ, ವೃತ್ತಿಯ ಶುಲ್ಕಕ್ಕೆ ಕಂಪನಿಗಳು ಸಾಮಾನ್ಯವಾಗಿ ಶೇ 10 ಹಿಡಿದು ಕೊಡುತ್ತವೆ. ಆ ಹಣ ಹೋಯಿತೆಂದು ಸುಮ್ಮನಿರುವವರಿದ್ದಾರೆ. ಹೋಗಿಲ್ಲ, ನಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿದೆ, ಅಥವಾ ಆಗಿರಬೇಕು. ಆದಾಯ ತೆರಿಗೆ ತಾಣದಲ್ಲಿ ಸಿಗುವ ಟಿಡಿಎಸ್ ಪಟ್ಟಿಯನ್ನು ಪುಸ್ತಕದ ಜೊತೆ ತಾಳೆ ನೋಡಿದರೆ ಯಾರು ಹಿಡಿದು ಕಟ್ಟಿಲ್ಲ ಎನ್ನುವುದು ತಿಳಿಯುತ್ತದೆ. ತೆರಿಗೆ ಕಟ್ಟುವಷ್ಟು ವರಮಾನವಿಲ್ಲದವರು ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ. ಈಗೀಗ ದುಡ್ಡಿನ ಬದಲು ವಸ್ತು ಕೊಡುವ ಚಾಳಿಯೂ ಹೆಚ್ಚಿದೆ. 'ಮಿಕ್ಸಿ ಕಳಿಸ್ತೀವಿ, ಒಂದು ವಿಡಿಯೊ ಮಾಡಿ.' 2022ರ ಜುಲೈಯಿಂದ ವರ್ಷಕ್ಕೆ ₹20,000 ಮೀರಿದ ಇಂಥ ಕೊಡುಗೆಗಳಿಗೂ ಶೇ 10ರಂತೆ ಟಿಡಿಎಸ್ ಇದೆ. ಅಂದರೆ ಕೈಗೆ ಮಿಕ್ಸಿ ಬರುತ್ತದೆ, ತೆರಿಗೆಯನ್ನು ಹಣದಲ್ಲಿ ಕಟ್ಟಬೇಕು. ಮಿಕ್ಸಿಯಿಂದ ಕರೆಂಟ್ ಬಿಲ್ ಕಟ್ಟಲಾಗದು ಎಂದು ಹೇಳಿ ಶುಲ್ಕ ಕೇಳುವುದೇ ಸರಿ.

ದರ ಎಷ್ಟು ಹೇಳಬೇಕು ಎಂಬುದಕ್ಕೆ ಮಾರುಕಟ್ಟೆಯಲ್ಲಿ ಎಷ್ಟಿದೆ ಎಂದು ವಿಚಾರಿಸುವವರೇ ಹೆಚ್ಚು. ಮನೆಯ ಲೆಕ್ಕದಿಂದ ಹೊರಡಬೇಕು. ಮನೆ ನಡೆಸಲು ತಿಂಗಳಿಗೆ ₹40,000 ಬೇಕು ಎಂದಿಟ್ಟುಕೊಳ್ಳಿ. ಇಂಟರ್ನೆಟ್ಟು, ಕಂಪ್ಯೂಟರಿನ ಸವಕಳಿ, ಆರೋಗ್ಯ ವಿಮೆ, ಮುಪ್ಪಿನ ಉಳಿತಾಯ, ತೆರಿಗೆ ಎಂದು ಇನ್ನೊಂದು ₹10,000. ತಿಂಗಳಿಗೆ 22 ದಿನ ಕೆಲಸ. ದಿನಕ್ಕೆ ಎಂಟು ಗಂಟೆ ಕೂತರೂ ಯಾರಿಗಾದರೂ ಬಿಲ್ ಹಾಕಬಹುದಾದ ಗಂಟೆಗಳು ನಾಲ್ಕೇ, ಉಳಿದದ್ದು ಫೋನು, ಓಡಾಟ, ತಿದ್ದುಪಡಿ, ಈ ಲೆಕ್ಕಪತ್ರ. 88 ಗಂಟೆಗೆ ₹50,000 ಎಂದರೆ ಗಂಟೆಗೆ ಸುಮಾರು ₹570. ಇನ್ನು ಸಾವಿರ ಪದದ ಅನುವಾದಕ್ಕೆ, ಎರಡನೇ ಸಲ ಓದಿ ತಿದ್ದುವುದೂ ಸೇರಿ, ನಾಲ್ಕು ಗಂಟೆ ಹಿಡಿದರೆ ಪದಕ್ಕೆ ಒಂದು ರೂಪಾಯಿ ದರದಲ್ಲಿ ಸಿಗುವುದು ಗಂಟೆಗೆ ₹250. ಅರ್ಧಕ್ಕೂ ಕಡಿಮೆ. ಅಂಥ ಕೆಲಸವನ್ನು ಇಡೀ ದಿನ ಮೈಮುರಿದು ಮಾಡಿದರೂ ತಿಂಗಳ ಕೊನೆಗೆ ಸಾಲವೇ. ಪುಸ್ತಕದ ಕೊನೆಯ ಕಾಲಂನಲ್ಲಿ ಗಂಟೆ ಬರೆಯುವುದು ಇದನ್ನು ಕಾಣುವುದಕ್ಕೆ. ಕೆಲವು ಕೆಲಸ ನೋಡಲು ಸಣ್ಣದು, ಗಂಟೆಗೆ ಸಾವಿರ ಕೊಡುತ್ತದೆ. ಕೆಲವು ದೊಡ್ಡ ಹೆಸರಿನ ಕೆಲಸ ನೂರೈವತ್ತನ್ನೂ ಕೊಡುವುದಿಲ್ಲ.

ಕನ್ನಡ ಅನುವಾದಕರಿಗೆ ಮಾತ್ರ ತಾಗುವ ಒಂದು ಸೂಕ್ಷ್ಮ ಇಲ್ಲಿದೆ. ಇಂಗ್ಲಿಷಿನಲ್ಲಿ ಬಿಡಿ ಪದಗಳಾಗಿ ನಿಲ್ಲುವುದು ಕನ್ನಡದಲ್ಲಿ ಪ್ರತ್ಯಯವಾಗಿ ಅಂಟಿಕೊಳ್ಳುತ್ತದೆ. ಅಲ್ಲಿಯ ಸಾವಿರ ಪದ ಇಲ್ಲಿಗೆ ಬರುವಾಗ ಏಳೆಂಟು ನೂರಕ್ಕೆ ಇಳಿದಿರುತ್ತದೆ. ದರ ಮೂಲದ ಪದಕ್ಕೋ ಅನುವಾದದ ಪದಕ್ಕೋ ಎಂದು ಮೊದಲೇ ಮಾತಾಡದಿದ್ದರೆ ಕಾಲು ಭಾಗ ಹಣ ಮಾತಿಲ್ಲದೆ ಹೋಗುತ್ತದೆ. ಮೂಲದ ಪದ ಎಂದೇ ಬರೆಸಿಕೊಳ್ಳಬೇಕು. ಫಾಂಟಿನ ವಿಷಯವೂ ಹೀಗೆಯೇ. ಯೂನಿಕೋಡಿನಲ್ಲಿ ಕೊಟ್ಟ ಮೇಲೆ ಪ್ರಿಂಟಿಂಗ್‌ಗೆ ನುಡಿ ಫಾಂಟಿನಲ್ಲಿ ಬೇಕು ಎನ್ನುತ್ತಾರೆ. ಪರಿವರ್ತಕ ಹಾಕಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಸಾಲು ಸಾಲಾಗಿ ಓದಿ ಸರಿಮಾಡಲು ಅರ್ಧ ದಿನ. ಆ ಅರ್ಧ ದಿನಕ್ಕೂ ಬಿಲ್ಲಿನಲ್ಲೊಂದು ಸಾಲು ಇರಬೇಕು.

ಹೊಸ ಕೆಲಸ ಹುಡುಕುವುದನ್ನು ಕೆಲಸ ಖಾಲಿಯಾದಾಗ ಮಾಡುವುದಲ್ಲ. ಕೈ ತುಂಬ ಕೆಲಸವಿದ್ದಾಗ ಕಳಿಸಿದ ಪತ್ರದ ದನಿಯೇ ಬೇರೆ, ದರವೂ ಬೇರೆ. ದಿನಕ್ಕೆ ಒಂದೇ ಪತ್ರ ಸಾಕು. ಯಾರಿಗೆ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಮನೆಗೆ ಬರುವ ಪ್ರತಿ ಡಬ್ಬಿ, ಪೊಟ್ಟಣ, ಕೈಪಿಡಿ, ಎಸ್ಸೆಮ್ಮೆಸ್ಸಿನ ಮೇಲಿರುವ ಕನ್ನಡವನ್ನು ಓದುವ ರೂಢಿ ಇಟ್ಟುಕೊಂಡರೆ ಆಯಿತು. ಕುಕ್ಕರಿನ ಕೈಪಿಡಿಯಲ್ಲಿ ವಾಕ್ಯಕ್ಕೆ ತಲೆಬುಡವಿಲ್ಲದಿದ್ದರೆ ಒಂದು ಪುಟ ತಿದ್ದಿ, ಹಳೆಯದು ಹೊಸದು ಅಕ್ಕಪಕ್ಕ ಇಟ್ಟು, 'ನಿಮ್ಮ ಗ್ರಾಹಕರಿಗೆ ಇದು ಅರ್ಥವಾಗುವಂತೆ ಮಾಡಿಕೊಡಬಲ್ಲೆ, ಇಡೀ ಕೈಪಿಡಿಗೆ ಶುಲ್ಕ ಇಷ್ಟು' ಎಂದು ಕಂಪನಿಗೆ ಕಳಿಸಬಹುದು. ಬಹಳಷ್ಟಕ್ಕೆ ಉತ್ತರ ಬರುವುದಿಲ್ಲ. ಬಂದದ್ದರಲ್ಲಿ ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಕನ್ನಡವನ್ನು ನೆಟ್ಟಗೆ ಬರೆಯಿಸಬೇಕು ಎಂಬ ನಮ್ಮ ಆಸೆಯೂ ಹೊಟ್ಟೆಪಾಡೂ ಒಂದೇ ಕಾಗದದಲ್ಲಿ ಸೇರುವುದು ಇಲ್ಲಿ. ಇದಕ್ಕಿಂತ ಸಂತೋಷದ ಕೆಲಸ ನನಗೆ ಗೊತ್ತಿಲ್ಲ.

ಯೂಟ್ಯೂಬಿನವರ ಲೆಕ್ಕ ಬೇರೆ. ಬಿಲ್ ಕಳಿಸುವ ಗೊಡವೆಯಿಲ್ಲ, ಆದರೆ ಕೇಳಲು ಎದುರಿಗೆ ಮನುಷ್ಯರೂ ಇಲ್ಲ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ನೋಟ. ಉದ್ದ ವಿಡಿಯೊಗಳ ಜಾಹೀರಾತು ಹಣದಲ್ಲಿ ಮಾಡಿದವರಿಗೆ ಶೇ 55, ಶಾರ್ಟ್ಸ್‌ನಲ್ಲಿ ತಮ್ಮ ಪಾಲಿಗೆ ಬಂದದ್ದರಲ್ಲಿ ಶೇ 45. ಖಾತೆಯಲ್ಲಿ 100 ಡಾಲರ್ ಸೇರಿದ ಮೇಲೆ ಮರುತಿಂಗಳು 21ರಿಂದ 26ರೊಳಗೆ ಹಣ. ದಸರಾ ದೀಪಾವಳಿ ಕಾಲಕ್ಕೆ ಜಾಹೀರಾತಿನ ದರ ಏರುತ್ತದೆ, ಜನವರಿಯಲ್ಲಿ ಕುಸಿಯುತ್ತದೆ. ಜನವರಿಯ ಅಂಕಿ ನೋಡಿ ಎದೆಗುಂದಿ ಚಾನೆಲ್ ಬಿಟ್ಟವರನ್ನು ಬಲ್ಲೆ. ಅಮೆರಿಕದ ಕನ್ನಡಿಗರು ನೋಡಿದ ಭಾಗದ ಗಳಿಕೆಗೆ ಆ ದೇಶದ ತೆರಿಗೆ ಹಿಡಿಯುತ್ತಾರೆ. ಭಾರತದ ಜೊತೆಗಿನ ಒಪ್ಪಂದದ ಪ್ರಕಾರ ಅದು ಶೇ 15. ತೆರಿಗೆ ಫಾರಂ ತುಂಬದೆ ಬಿಟ್ಟರೆ ಎಲ್ಲ ದೇಶಗಳ ಗಳಿಕೆಯಿಂದಲೂ ಇನ್ನೂ ಹೆಚ್ಚು ಹಿಡಿಯಬಹುದು. ಒಂದು ಸಲ ಕೂತು ತುಂಬಿದರೆ ಮುಗಿಯುವ ಕೆಲಸ.

ದಿನಾ ಹೊಸ ವಿಡಿಯೊ ಹಾಕಲೇಬೇಕು ಎಂಬ ಒತ್ತಡದಲ್ಲಿ ನಮ್ಮ ಹುಡುಗಿಯರು ಬೇಯುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಹುಬ್ಬಳ್ಳಿಯಲ್ಲಿ ಅಡುಗೆ ಚಾನೆಲ್ ನಡೆಸುವ ಗೆಳತಿಯೊಬ್ಬಳು ಇದರಿಂದ ಹೊರಬಂದ ರೀತಿ ನನಗೆ ಮೆಚ್ಚುಗೆ. ಅವಳ ಅಡುಗೆಮನೆಯ ಗೋಡೆಗೆ ತಿಂಗಳ ಕ್ಯಾಲೆಂಡರ್ ತೂಗುಹಾಕಿದೆ. ಪ್ರತಿ ಹಬ್ಬಕ್ಕೂ ಆರು ವಾರ ಮೊದಲಿನ ಚೌಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ: ಎಳ್ಳು ಬೆಲ್ಲ, ಹೋಳಿಗೆ ಹೂರಣ, ಮಾವಿನ ಉಪ್ಪಿನಕಾಯಿ, ನಾಗರಪಂಚಮಿ ಉಂಡಿ, ಗೌರಿ ಬಾಗಿನ, ಶೀಗಿ ಹುಣ್ಣಿಮೆಯ ಚರಗದ ಬುತ್ತಿ. ಹೂರಣ ನೀರಾದರೆ ಏನು ಮಾಡಬೇಕು ಎಂದು ಜನ ಪ್ರತಿ ಯುಗಾದಿಗೂ ಹುಡುಕುತ್ತಾರೆ. ಹಿಂದಿನ ವರ್ಷದ ವಿಡಿಯೊದ ತಲೆಬರಹ ತಿದ್ದಿ, ಕೆಳಗೆ ಬಂದ ಪ್ರಶ್ನೆಗಳಿಗೆ ಉತ್ತರಿಸಿ, ಯಾವ ನಿಮಿಷದಲ್ಲಿ ಏನಿದೆ ಎಂದು ಬರೆದು, ಕೊನೆಗೆ ಇನ್ನೊಂದು ವಿಡಿಯೊಗೆ ದಾರಿ ಜೋಡಿಸುವುದು ದಿನದ ಕಾಲು ಗಂಟೆಯ ಕೆಲಸ. ಹಳೆಯ ವಿಡಿಯೊ ಹಿತ್ತಿಲ ನುಗ್ಗೆ ಮರದ ಹಾಗೆ, ಸವರಿ ನೀರು ಹಾಕಿದರೆ ಪ್ರತಿ ವರ್ಷ ಕಾಯಿ ಬಿಡುತ್ತದೆ. ಅವಳೀಗ ವಾರಕ್ಕೊಂದೇ ಹೊಸದು ಹಾಕುತ್ತಾಳೆ.

ಬರೆದದ್ದೂ ಮತ್ತೆ ಫಲ ಕೊಡಬಹುದು, ಅದು ನಮ್ಮದಾಗಿ ಉಳಿದಿದ್ದರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಂಬಳದ ನೌಕರಿಯಲ್ಲಿರದೆ ಬರೆದ ಬರಹದ ಮೊದಲ ಒಡೆಯ ಬರೆದವನೇ. ಹಕ್ಕನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿ ಹಾಕಿ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ, ಎಲ್ಲಿಗೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಕಂಪನಿಗಳ ಒಪ್ಪಂದಗಳಲ್ಲಿ ಹಾಗಾಗಿಯೇ 'ಎಂದೆಂದಿಗೂ, ಇಡೀ ಜಗತ್ತಿಗೆ' ಎಂಬ ಸಾಲು ಇರುತ್ತದೆ. ಓದದೆ ಸಹಿ ಹಾಕುವ ರೂಢಿ ಬಿಟ್ಟು, ಆ ಸಾಲು ಕಂಡಲ್ಲೆಲ್ಲ ಒಂದೋ ಕಾಲಮಿತಿ ಕೇಳಬೇಕು, ಇಲ್ಲ ಹೆಚ್ಚು ಹಣ ಕೇಳಬೇಕು. ದನಿ ಕೊಡುವವರಂತೂ ಈಗ ಇನ್ನೊಂದು ಸಾಲನ್ನು ತಾವೇ ಸೇರಿಸಬೇಕು: ಈ ಧ್ವನಿಮುದ್ರಣವನ್ನು ಯಂತ್ರಕ್ಕೆ ದನಿ ಕಲಿಸಲು ಬಳಸುವಂತಿಲ್ಲ. ಒಪ್ಪದವರು ಒಪ್ಪದಿರಲಿ, ಬೆಲೆಯ ಮಾತಾದರೂ ಶುರುವಾಗುತ್ತದೆ.

ಯಂತ್ರದ ವಿಷಯ ಬಂದದ್ದರಿಂದ ಹೇಳುತ್ತೇನೆ. ಯಂತ್ರ ಮಾಡಿದ ಅನುವಾದವನ್ನು ತಿದ್ದಿಕೊಡಿ, ಅರ್ಧ ದರ ಕೊಡುತ್ತೇವೆ ಎಂಬ ಬೇಡಿಕೆ ಈಗ ಹೆಚ್ಚು. ಕೆಲವಕ್ಕೆ ಅದು ನ್ಯಾಯವೇ. ಆದರೆ 'ನೀನು–ನೀವು' ಕಲಸಿಹೋದ, ಕ್ರಿಯಾಪದ ಕರ್ತೃವಿಗೆ ಹೊಂದದ ಪುಟವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ. ಯಾವ ಬಗೆಯ ಪಠ್ಯಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಪುಸ್ತಕದಲ್ಲಿದ್ದರೆ ಪದಕ್ಕಲ್ಲ, ಗಂಟೆಗೆ ದರ ಕೇಳಲು ಬಾಯಿ ಬರುತ್ತದೆ.

ಇನ್ನು ಈ ಅರ್ಧ ಗಂಟೆ ರೂಢಿಯಾಗುವ ಮಾತು. 21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಅದರ ಬೇರು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೆ 21 ದಿನ ಬೇಕೆಂದು ಆತ ಗಮನಿಸಿದ್ದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ರೂಢಿ ತಾನಾಗಿ ನಡೆಯುವಂತಾಗಲು ಹಿಡಿಯುವ ಕಾಲದ ಅಂದಾಜು 18 ದಿನದಿಂದ 254 ದಿನದವರೆಗೆ ಇತ್ತು. ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎನ್ನುವುದೂ ಅದರಲ್ಲಿ ಕಂಡಿತು. ಮನೆಯಲ್ಲಿ ಕೂತು ದುಡಿಯುವ ಹೆಂಗಸರಿಗೆ ಈ ಎರಡನೆಯ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಅತ್ತೆಗೆ ಆಸ್ಪತ್ರೆ, ಮಗುವಿಗೆ ಜ್ವರ, ಸಿಲಿಂಡರ್ ಬಂದ ಹೊತ್ತು, ನಲ್ಲಿ ನೀರು ಬಿಟ್ಟ ಹೊತ್ತು. ಐದೂವರೆಗೆ ಕಾಫಿ ತಂದುಕೊಡುವ ಆಳು ಇಲ್ಲಿ ಯಾರಿಗೂ ಇಲ್ಲ. ಐದು ಗಂಟೆಗೇ ಏಳಬೇಕು ಎಂಬುದು ಯಾರದೋ ಮನೆಯ ಅನುಕೂಲ. ರಸ್ತೆಯಲ್ಲಿ ತರಕಾರಿ ಗಾಡಿ, ಪಕ್ಕದ ಮನೆಯ ಮಿಕ್ಸಿ ಎಲ್ಲ ಅಡಗಿದ ಮೇಲೆ, ರಾತ್ರಿ ಹತ್ತಕ್ಕೆ ಬಟ್ಟೆಯ ಬೀರು ತೆರೆದು, ಸೀರೆಗಳ ನಡುವೆ ಮೈಕ್ ಇಟ್ಟು ಆಡಿಯೊ ಪುಸ್ತಕ ಓದುವವರ ದನಿ ಸ್ಟುಡಿಯೊದಷ್ಟೇ ಶುಭ್ರವಾಗಿರುತ್ತದೆ.

ವರ್ಷಕ್ಕೊಮ್ಮೆ ಮಾಡುವ ಒಂದು ಕೆಲಸವೂ ಈ ಪುಸ್ತಕದಿಂದಲೇ ಹುಟ್ಟುತ್ತದೆ. ಮಾರ್ಚ್ ಮೊದಲ ವಾರ ಎಲ್ಲ ಹಳೆಯ ಗ್ರಾಹಕರಿಗೆ ದರ ಏರಿಕೆಯ ಪತ್ರ ಹೋಗಬೇಕು. 'ಏಪ್ರಿಲ್ 1ರಿಂದ ನನ್ನ ದರ ಮೂಲದ ಪದಕ್ಕೆ ಇಷ್ಟು ಆಗಲಿದೆ. ನಿಮ್ಮೊಡನೆ ಕೆಲಸ ಮುಂದುವರಿಸಲು ಇಷ್ಟಪಡುತ್ತೇನೆ.' ಕಾರಣಗಳ ಪಟ್ಟಿ ಬೇಡ. ಹಾಲಿನವರು, ಬಸ್ಸಿನವರು ದರ ಏರಿಸುವಾಗ ನಮ್ಮ ಮುಂದೆ ಬೇಡಿಕೊಳ್ಳುವುದಿಲ್ಲ. ಕೆಲವರು ಅಂದೇ ಒಪ್ಪುತ್ತಾರೆ. ಕೆಲವರು ಮೂರು ತಿಂಗಳು ಕಾಲಾವಕಾಶ ಕೇಳುತ್ತಾರೆ, ಕೊಡಬಹುದು. ಉತ್ತರಿಸದವರ ಹೆಸರಿನ ಮುಂದಿನ ಗಂಟೆಗಳ ಕಾಲಂ ನೋಡಿದರೆ ಅವರಿಗಾಗಿ ಕಾಯಬೇಕೋ ಬೇಡವೋ ತಿಳಿಯುತ್ತದೆ. 'ಮಾರ್ಚ್ 31ರೊಳಗೆ ಕೊಟ್ಟ ಕೆಲಸಕ್ಕೆ ಹಳೆಯ ದರ' ಎಂಬ ಸಾಲನ್ನೂ ಪತ್ರದಲ್ಲಿ ಸೇರಿಸಿ. ಆರು ತಿಂಗಳ ಕೆಲಸ ಒಟ್ಟಿಗೆ ಬಂದು ಬೀಳುವುದುಂಟು, ಆಗ ಮುಂಗಡ ಅರ್ಧ ಕೇಳಲು ಅದು ಒಳ್ಳೆಯ ಸಮಯ.